ಸಾವಧಾನಕ್ಕೊಂದು ತಲೆಕಟ್ಟು

ಖೂಬಾ ಪ್ಲಾಟ್, ಕಲಬುರಗಿ
೨೦ ಫೆಬ್ರವರಿ ೨೦೨೫, ಗುರುವಾರ

ಪ್ರೀತಿಯ ಮಗಳು ಮಲ್ಲಿಕಾಗೆ, ನಿನ್ನ ಅವ್ವ ಮಾಡುವ ಮನಸ್ಸು ತುಂಬಿದ ಆಶೀರ್ವಾದ.

ಹೇಗಿದ್ದೀಯವ್ವಾ? ಕಾರವಾರದ ಕಡಲ ಗಾಳಿಗೆ ಅಂಟಿಕೊಂಡಿದ್ದ ಜ್ವರ, ಕೆಮ್ಮು ಎರಡೂ ಬಿಟ್ಟವೋ ಇಲ್ಲವೋ? ಬಿಸಿನೀರು ಕುಡಿ. ಪರೀಕ್ಷೆ ಹತ್ತಿರ ಬಂತು ಅಂತ ಗಂಟಲು ಹರಿದುಕೊಂಡು ಪಾಠ ಮಾಡಬೇಡ. ಅಳಿಯಂದಿರ ಬೆನ್ನುನೋವು ಈಗ ಹೇಗಿದೆ? ಭಾರ ಎತ್ತಬೇಡಿ ಅಂತ ನಾನು ಹೇಳಿದೆ ಅಂತ ಹೇಳು. ನಾನು ಆರಾಮಾಗಿದ್ದೇನೆ. ಬಿ.ಪಿ. ಗುಳಿಗೆ ತಪ್ಪಿಸುತ್ತಿಲ್ಲ, ಒಂದು ರೊಟ್ಟಿ ಹೋಗುತ್ತದೆ, ನಿದ್ದೆ ಬಂದಷ್ಟು ಬರುತ್ತದೆ. ಬಲಮೊಣಕಾಲಿನದು ಇದ್ದದ್ದೇ ಕಥೆ. ಕೂತರೆ ಏಳಲು ಬಿಡುವುದಿಲ್ಲ, ಎದ್ದರೆ ಕೂರಲು ಬಿಡುವುದಿಲ್ಲ. ನಿನ್ನ ಅಣ್ಣ ಸುನೀಲ, ಅವನ ಹೆಂಡತಿ ಇಬ್ಬರೂ ಚೆನ್ನಾಗಿ ನೋಡಿಕೊಳ್ಳುತ್ತಾರೆ, ಅದರಲ್ಲಿ ಹೆಸರಿಡುವಂಥದ್ದೇನಿಲ್ಲ. ಫೋನ್ ಇರುವಾಗ ಪತ್ರ ಯಾಕೆ ಅಂತ ನೀನು ಕೇಳುತ್ತೀ. ನಿನ್ನ ಅಣ್ಣ ಫೋನ್ ಹಚ್ಚಿಕೊಟ್ಟವನೇ ಸ್ಪೀಕರ್ ಹಾಕಿ ಪಕ್ಕದಲ್ಲೇ ಕೂರುತ್ತಾನೆ. ನನ್ನ ಹೊಟ್ಟೆಯೊಳಗಿನ ಮಾತು ಗಂಟಲ ತನಕ ಬಂದು ವಾಪಸ್ ಹೋಗುತ್ತದೆ. ನಿಮ್ಮಪ್ಪ ಮಿಲ್ಟ್ರಿಯಲ್ಲಿದ್ದಷ್ಟು ವರ್ಷ ನಾನು ಸಂಸಾರ ಮಾಡಿದ್ದೇ ಪತ್ರದಲ್ಲಿ. ಬಾಯಲ್ಲಿ ಬರದದ್ದು ಪೆನ್ನಿನಲ್ಲಿ ಬರುವ ಚಟ ಆಗಿನಿಂದ ಹತ್ತಿದೆ. ನಿನ್ನಿಂದ ಒಂದು ಕೆಲಸ ಆಗಬೇಕು, ಅದಕ್ಕೇ ಕೂತಿದ್ದೇನೆ. ಆದರೆ ಬರೀ ಕೆಲಸ ಹೇಳಿದರೆ ಅವ್ವನಿಗೆ ಅರುಳು ಮರುಳು ಅನ್ನುತ್ತೀ. ಮೊದಲಿಂದ ಹೇಳುತ್ತೇನೆ, ಓದು.

ಮಲ್ಲಿಕಾ, ನನಗೆ ಹೊಟ್ಟೆಕಿಚ್ಚು ಹತ್ತಿದೆ. ನಗಬೇಡ. ಗಂಡ ಹೋದವಳಿಗೆ ದುಃಖ ಇರುತ್ತದೆ ಅಂತ ಲೋಕಕ್ಕೆಲ್ಲ ಗೊತ್ತು. ದುಃಖ ಇದೆ, ಅದರ ಪಾಡಿಗೆ ಅದು ಮೂಲೆಯಲ್ಲಿ ಕೂತಿದೆ. ಆದರೆ ನಡುಮನೆಯಲ್ಲಿ ಕಾಲು ಚಾಚಿಕೊಂಡು ಕೂತಿರುವುದು ಹೊಟ್ಟೆಕಿಚ್ಚು. ನೀನು ಅಪ್ಪನ ಮಣ್ಣಿಗೆ ಬಂದು ಹೋದ ಮೇಲೆ ಮಾತಾಡಿಸಲು ಬರುವವರ ಸಾಲು ಇನ್ನೂ ನಿಂತಿಲ್ಲ. ಬಂದವರೆಲ್ಲ ಚಹಾ ಕುಡಿದು, ಕಣ್ಣು ಒರೆಸಿಕೊಂಡು, ನಿಮ್ಮಪ್ಪನ ಬಗ್ಗೆ ನನಗೇ ಗೊತ್ತಿಲ್ಲದ ಒಂದು ಸಂಗತಿ ಹೇಳಿ ಹೋಗುತ್ತಾರೆ. ಬ್ಯಾಂಕಿನಲ್ಲಿ ಜೊತೆಗಿದ್ದ ಒಬ್ಬರು ಹೇಳಿದರು, ಊಟದ ಬಿಡುವಿನಲ್ಲಿ ಇವರು ಬಾಯಿಪೆಟ್ಟಿಗೆ, ಅದೇ ಮೌತ್ ಆರ್ಗನ್, ನುಡಿಸುತ್ತಿದ್ದರಂತೆ. ಬಾಯಿಪೆಟ್ಟಿಗೆ! ಈ ಮನೆಯಲ್ಲಿ ಆ ಮನುಷ್ಯ ಸೀಟಿ ಹೊಡೆದದ್ದನ್ನು ನಾನು ಕೇಳಿಲ್ಲ. ಊರಲ್ಲಿ ಪ್ರತಿಯೊಬ್ಬರಿಗೂ ಒಬ್ಬೊಬ್ಬ ಕಲ್ಯಾಣಪ್ಪ ಸಿಕ್ಕಿದ್ದಾನೆ, ನಕ್ಕವನು, ಹಾಡಿದವನು, ಕಥೆ ಹೇಳಿದವನು. ನನಗೆ ಸಿಕ್ಕವರು ಎಲ್ಲದಕ್ಕೂ ‘ಹೂಂ’ ಅಂದವರು. (ಹೆಸರು ಬರೆದುಬಿಟ್ಟೆ, ಶಿವ ಶಿವ. ಇಷ್ಟು ವರ್ಷ ಬಾಯಲ್ಲಿ ತರದವಳು. ಇರಲಿ, ಹೊಡೆದು ಹಾಕುವುದಿಲ್ಲ.)

ಅವರನ್ನು ದೂರುತ್ತಿದ್ದೇನೆ ಅಂದುಕೊಳ್ಳಬೇಡ. ಅಂಥ ದುಡಿತದ ಮನುಷ್ಯ ಇನ್ನೊಬ್ಬ ಹುಟ್ಟಬೇಕು. ಕಮಲಾಪುರದ ಹೊಲ ಅವರವ್ವನ ಕೈಗೆ ಬಿಟ್ಟು ಮೀಸೆ ಚಿಗುರುವ ವಯಸ್ಸಿಗೆ ಮಿಲ್ಟ್ರಿ ಸೇರಿದರು. ಹಿಮದಲ್ಲಿ ನಿಂತರು, ಎಪ್ಪತ್ತೊಂದರ ಯುದ್ಧ ನೋಡಿದರು, ಹವಾಲ್ದಾರರಾಗಿ ಮರಳಿ ಬಂದರು. ಬಂದವರು ಟ್ರಂಕ್ ಬಿಚ್ಚಿ ಉಸ್ಸಪ್ಪಾ ಅನ್ನಲಿಲ್ಲ, ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತರು. ಈ ಮನೆ ಕಟ್ಟುವಾಗ ಡ್ಯೂಟಿಗೆ ಹೋಗುವ ಮುಂಚೆ ಗೋಡೆಗಳಿಗೆ ತಾವೇ ಕೊಡದಲ್ಲಿ ನೀರು ಹೊಡೆದರು. ನಿನಗೆ ನೆನಪಿದೆಯಾ, ನಿಮ್ಮಿಬ್ಬರ ಶಾಲೆಯ ಬೂಟು ದಿನಾ ಬೆಳಿಗ್ಗೆ ಅವರೇ ಪಾಲಿಶ್ ಮಾಡಿ ಹೊಸ್ತಿಲ ಹತ್ತಿರ ಜೋಡಿಸಿಡುತ್ತಿದ್ದರು, ಮೂತಿ ಹೊರಗೆ, ಹಿಮ್ಮಡಿ ಒಳಗೆ. ನಿಮ್ಮ ಬೂಟಿನಲ್ಲಿ ಅವರ ಮುಖ ಕಾಣುತ್ತಿತ್ತು. ರವಿವಾರ ಬಂತೆಂದರೆ ಕಮಲಾಪುರದ ಬಸ್ಸು. ಬ್ಯಾಂಕಿನಿಂದಲೂ ನಿವೃತ್ತಿ ಆದ ಮೇಲೆ ಎಲ್ಲರೂ ಪೇಪರ್ ಓದಿಕೊಂಡು ಕೂರುತ್ತಾರೆ, ಇವರು ಆ ಹೊಲದಲ್ಲಿ ಕೆಂಪು ಬಾಳೆ ಹಚ್ಚಿದರು. ಬೇರೆ ಬಾಳೆ ವರ್ಷಕ್ಕೆ ಕೈಗೆ ಬಂದರೆ ಆ ಮಹಾರಾಣಿ ಒಂದೂವರೆ ವರ್ಷ ಬೇಡುತ್ತಾಳೆ. ಗೊನೆಗೆ ಬಿಸಿಲು ತಾಗಬಾರದು ಅಂತ ಒಣ ಎಲೆ ಸುತ್ತುವಾಗ ಇವರು ಅದರೊಡನೆ ಮಾತಾಡುತ್ತಿದ್ದರು ಅಂತ ತೋಟದ ಪೀರಪ್ಪ ಮೊನ್ನೆ ಹೇಳಿ ಅತ್ತ. ಬಾಳೆಗಿಡದ ಜೊತೆಗೂ ಮಾತು. ಆ ಗಿಡದ ಮೇಲೂ ನನಗೆ ಹೊಟ್ಟೆ ಉರಿಯಿತು, ಇನ್ನು ಮನುಷ್ಯರದೇನು ಹೇಳಲಿ.

ಕಳೆದ ವಾರ ಸೂಗಮ್ಮ ಅಂತ ಒಬ್ಬ ಮುದುಕಿ ಬಂದಿದ್ದಳು, ಬ್ಯಾಂಕಿಗೆ ಪಿಂಚಣಿಗೆ ಬರುತ್ತಿದ್ದವಳು. ಬಾಗಿಲಲ್ಲೇ ಅಳಲು ಶುರು ಮಾಡಿದಳು. ನಿಮ್ಮಪ್ಪ ಪ್ರತಿ ತಿಂಗಳು ಅವಳ ಕೈ ಹಿಡಿದು ಬ್ಯಾಂಕಿನ ಮೆಟ್ಟಿಲು ಇಳಿಸುತ್ತಿದ್ದರಂತೆ. ಕೈ ಹಿಡಿದು. ನನ್ನ ಜೊತೆ ಬಜಾರಕ್ಕೆ ಬಂದರೆ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದ ಮನುಷ್ಯ ಇವರು! ನಾನು ಅಳುವುದು ಬಿಟ್ಟು ಪೊಲೀಸಿನವರ ಹಾಗೆ ಕೇಳಿದೆ, ಕೈ ಹಿಡಿದು ಇಳಿಸುವಾಗ ಏನು ಅನ್ನುತ್ತಿದ್ದರು ಅಂತ. ಅವಳು ಕಣ್ಣು ಒರೆಸಿಕೊಂಡು ಹೇಳಿದಳು, “ಸಾವಕಾಶ ಇಳೀರಿ ಯವ್ವಾ, ಸಾವಕಾಶ ಅಂತಿದ್ರು ನೋಡ್ರಿ.” ಅದನ್ನು ಕೇಳಿ ನನ್ನ ಜೀವ ತಣ್ಣಗಾಯಿತು. ಅವಳಿಗೆ ಇನ್ನೊಂದು ಕಪ್ ಚಹಾ ಕೊಟ್ಟೆ. ಯಾಕೆ ತಣ್ಣಗಾಯಿತು ಅನ್ನುವುದು ಮುಂದೆ ಗೊತ್ತಾಗುತ್ತದೆ.

ಇದೆಲ್ಲ ಸಣ್ಣ ಪುಟ್ಟ ಕಿಚ್ಚು. ದೊಡ್ಡದು ನಿನ್ನ ಮಹಮ್ಮದ ಚಾಚಾನದು. ನಿನಗೆ ಆತನೆಂದರೆ ಪ್ರಾಣ, ಗೊತ್ತು. ನನಗೂ ಆತನ ಮೇಲೆ ಸಿಟ್ಟಿಲ್ಲ, ಸಿಟ್ಟು ಬೇರೆ, ಹೊಟ್ಟೆಕಿಚ್ಚು ಬೇರೆ. ನಿಮ್ಮಪ್ಪ, ಆತ ಇಬ್ಬರೂ ಒಂದೇ ದಿನ ಮಿಲ್ಟ್ರಿಗೆ ಭರ್ತಿಯಾದರು, ಒಂದೇ ಪಲ್ಟನ್ನಿನಲ್ಲಿ ಇದ್ದರು, ವಾಪಸ್ ಬಂದು ಎರಡು ಗಲ್ಲಿ ಆಚೆ ಈಚೆ ಮನೆ ಮಾಡಿದರು. ದಿನಾ ಸಂಜೆ ಅವರ ಮನೆಯ ಕಟ್ಟೆಯ ಮೇಲೆ ಚಹಾ. ನಾನು ಕಾಯಿಪಲ್ಯಕ್ಕೆ ಆ ದಾರಿಯಲ್ಲಿ ಹೋದರೆ ನಿಮ್ಮಪ್ಪನ ನಗು ಕೇಳುತ್ತಿತ್ತು, ಹೊಟ್ಟೆ ಹಿಡಿದುಕೊಂಡು ನಗುವ ನಗು. ಮನೆಗೆ ಬಂದ ಮೇಲೆ ಏನಷ್ಟು ನಕ್ಕಿರಿ ಅಂದರೆ, “ಏನಿಲ್ಲ, ಹಳೇದು” ಅನ್ನುತ್ತಿದ್ದರು. ಆ ಹಳೆಯದರಲ್ಲಿ ನನಗೊಂದು ಪಾಲು ಬೇಡವೇ? ಅವರ ಎಡಗಾಲಿನ ಕಿರುಬೆರಳು ಅರ್ಧ ಇರಲಿಲ್ಲ, ನೀನೂ ನೋಡಿದ್ದೀ. ಎತ್ತು ತುಳಿದದ್ದು ಅಂತ ನನಗೆ ಹೇಳಿದ್ದರು. ನಾನು ನಂಬಿ ಆ ಎತ್ತಿಗೆ ಎಷ್ಟು ಶಾಪ ಹಾಕಿದ್ದೇನೋ. ಈಗ ಚಾಚಾನ ಹೆಂಡತಿ ಇಕ್ಬಾಲ್ ಬೇಗಂ ನನ್ನ ಪಕ್ಕದಲ್ಲಿ ಕೂತು, ನನ್ನ ಬೆನ್ನು ಸವರುತ್ತ, ಅದು ಹಿಮ ತಿಂದ ಬೆರಳು ಅಂತ ಹೇಳುತ್ತಾಳೆ! ನನಗೆ ಹೇಳಿದರೆ ನಿದ್ದೆ ಮಾಡುವುದಿಲ್ಲ ಅಂತ ಮುಚ್ಚಿಟ್ಟಿದ್ದರಂತೆ. ಆ ಬೆರಳಿಗೆ ಚಳಿಗಾಲದಲ್ಲಿ ಎಣ್ಣೆ ಹಚ್ಚಿದವಳು ನಾನು, ಅದರ ಕಥೆ ಇದ್ದದ್ದು ಪರರ ಮನೆಯಲ್ಲಿ. ನನ್ನ ನಿದ್ದೆಯ ಕಾಳಜಿ ಯಾರಿಗೆ ಬೇಕಾಗಿತ್ತು, ಮಲ್ಲಿಕಾ? ನನಗೆ ಬೆರಳು ಬೇಕಾಗಿತ್ತು.

ಈಗ ಅಸಲಿ ಮಾತಿಗೆ ಬರುತ್ತೇನೆ. ಇದನ್ನು ನಾನು ಯಾರಿಗೂ ಹೇಳಿಲ್ಲ, ನನ್ನ ಅವ್ವನಿಗೂ ಹೇಳಿಲ್ಲ. ನಮ್ಮ ಮದುವೆ ಕಮಲಾಪುರದಲ್ಲಿ, ಅವರ ಮನೆಯ ಮುಂದಿನ ಹಂದರದಲ್ಲಿ ಆಯಿತು. ಅವರು ಟ್ರೇನಿಂಗ್ ಮುಗಿಸಿ ಮೊದಲ ರಜೆಗೆ ಬಂದಿದ್ದರು. ಅಯ್ಯನವರು ಮಂಗಳಾಷ್ಟಕ ಹೇಳಿ, “ಶುಭಮಂಗಲ ಸಾವಧಾನ” ಅಂದರು ನೋಡು, ನನ್ನ ಪಕ್ಕದಲ್ಲಿ ಟಪ್ ಅಂತ ಹಿಮ್ಮಡಿ ಕೂಡಿದ ಸದ್ದು. ಓರೆಗಣ್ಣಿನಲ್ಲಿ ನೋಡಿದರೆ ಮದುಮಗ ಎದೆ ಮುಂದೆ ಮಾಡಿ, ಮುಷ್ಟಿ ಬಿಗಿದು, ಕಂಬದ ಹಾಗೆ ನೆಟ್ಟಗೆ ನಿಂತಿದ್ದಾರೆ, ಬಾಸಿಂಗ ಓರೆಯಾಗಿದೆ. ಮಿಲ್ಟ್ರಿಯಲ್ಲಿ ಸಾವಧಾನ್ ಅಂದರೆ ಅದೇ ಅಲ್ಲವೇ, ಅಲುಗಾಡದೆ ನೆಟ್ಟಗೆ ನಿಲ್ಲು ಅಂತ. ಅಯ್ಯನವರು ಮತ್ತೊಂದು ಶ್ಲೋಕ ಹೇಳಿ ಮತ್ತೆ ಸಾವಧಾನ ಅಂದರು, ಇವರು ಮತ್ತೆ ಟಪ್. ಹಂದರವೆಲ್ಲ ನಗು, ಅಕ್ಕಿಕಾಳು ಹಾಕುವುದನ್ನೇ ಮರೆತರು. ನಮ್ಮತ್ತೆ ಹಿಂದಿನಿಂದ, “ಏ ಕಲ್ಯಾಣ್ಯಾ, ಸಡ್ಲ ನಿಂದ್ರೋ” ಅಂತ ಚಿವುಟಿದರು. ನಾಚಿಕೆಯಿಂದ ನಾನು ಭೂಮಿಗೆ ಇಳಿದುಹೋದೆ. ಆಮೇಲೆ ನಾವಿಬ್ಬರೇ ಇದ್ದಾಗ ಅವರು ನನಗೆ ಹೇಳಿದ ಮೊದಲ ಮಾತು ಇದು. ಭರ್ತಿಯಾದ ಹೊಸತರಲ್ಲಿ ಕವಾಯತು ಕಲಿಸುವ ಉಸ್ತಾದ್ ಸಾವಧಾನ್ ಅಂತ ಕೂಗಿದಾಗ, ಇವರು ನಮ್ಮ ಕನ್ನಡದ ಸಾವಧಾನ ಅಂದುಕೊಂಡು, ನಿಧಾನ, ಅವಸರ ಬೇಡ ಅಂತ ತಿಳಿದು ಕಾಲು ಸಡಿಲ ಬಿಟ್ಟು ನಿಂತರಂತೆ. ಬಂದೂಕು ತಲೆಯ ಮೇಲೆ ಎತ್ತಿ ಮೈದಾನ ಸುತ್ತುವ ಶಿಕ್ಷೆ ಆಯಿತಂತೆ. “ಅಲ್ಲಿ ಸಡ್ಲ ನಿಂತು ಬೈಸಿಕೊಂಡೆ, ಇಲ್ಲಿ ನೆಟ್ಟಗ ನಿಂತು ನಗಸ್ಕೊಂಡೆ. ನಿನಗ ಯಾವ ಸಾವಧಾನ ಬೇಕು ಹೇಳು” ಅಂದರು. ನಾನು ನೆಲ ನೋಡುತ್ತ, “ನನಗ ನಮ್ಮ ಕನ್ನಡದ್ದೇ ಇರ್ಲಿ” ಅಂದೆ. ಗಂಡನ ಜೊತೆ ನಾನು ಆಡಿದ ಮೊದಲ ಮಾತು ಅದು.

ಅವತ್ತಿನಿಂದ ಅದು ನನ್ನದಾಯಿತು. ಲೋಕಕ್ಕೆಲ್ಲ ಅವರು ಸಾವಕಾಶ ಅನ್ನುತ್ತಿದ್ದರು, ನಮ್ಮ ಕಡೆಯವರೆಲ್ಲ ಅನ್ನುವ ಹಾಗೆ. ನಿನಗೆ, ಸುನೀಲನಿಗೆ, ಎತ್ತಿಗೆ, ಸೂಗಮ್ಮನಿಗೆ, ಎಲ್ಲರಿಗೂ ಸಾವಕಾಶ. ನನಗೆ ಮಾತ್ರ ಸಾವಧಾನ. ನಾನು ಬಸ್ಸು ಹತ್ತುವಾಗ, ಮಾಳಿಗೆಯಿಂದ ಮೆಣಸಿನಕಾಯಿ ಇಳಿಸುವಾಗ, ನೀನು ಹೊಟ್ಟೆಯಲ್ಲಿದ್ದಾಗ ಹೊಸ್ತಿಲು ದಾಟುವಾಗ, ಹಿಂದಿನಿಂದ ಮೆಲ್ಲಗೆ ಒಂದು ಸಾವಧಾನ. ಬೇರೆ ಹೆಂಗಸರಿಗೆ ಸೀರೆ ತಂದರು, ಬಳೆ ತಂದರು ಅನ್ನುವಾಗ ನಾನು ಒಳಗೇ ನಗುತ್ತಿದ್ದೆ. ಉಸ್ತಾದ್ ಶಿಕ್ಷೆ ಕೊಟ್ಟ ಕಥೆ ಮಹಮ್ಮದ ಚಾಚಾಗೂ ಗೊತ್ತು, ಪಕ್ಕದಲ್ಲೇ ಇದ್ದವರು. ಆಮೇಲಿನದು ಗೊತ್ತಿಲ್ಲ. ಆ ಒಂದು ವಿಷಯದಲ್ಲಿ ನಾನೇ ಮುಂದೆ.

ಆಸ್ಪತ್ರೆಯಲ್ಲಿ ಏನಾಯಿತು ಅಂತ ಅಣ್ಣ ನಿನಗೆ ಹೇಳಿದ್ದಾನೆ. ಅವನು ಹೇಳಿದ್ದು ಅವನು ಕಂಡದ್ದು. ನಾನು ಕಂಡದ್ದು ಕೇಳು. ಮಧ್ಯಾಹ್ನದ ಹೊತ್ತು. ಸುನೀಲ ಔಷಧಿ ತರಲು ಕೆಳಗೆ ಹೋಗಿದ್ದ. ನಿಮ್ಮಪ್ಪ ಕಣ್ಣು ಬಿಡದೆ ಎರಡು ದಿನ ಆಗಿತ್ತು. ಮಹಮ್ಮದ ಚಾಚಾ ಕಾಲ ಕಡೆ ಕೋಲು ಊರಿಕೊಂಡು ನಿಂತಿದ್ದರು, ನಾನು ತಲೆಯ ಕಡೆ ಸ್ಟೂಲಿನ ಮೇಲೆ ಕೂತಿದ್ದೆ. ನಿಮ್ಮಪ್ಪನ ತುಟಿ ಒಣಗಿತ್ತು, ಬಟ್ಟೆ ಒದ್ದೆ ಮಾಡಿಕೊಂಡು ಬರೋಣ ಅಂತ ಎದ್ದೆ. ಮೊಣಕಾಲು ಕೈಕೊಟ್ಟಿತು. ಸ್ಟೂಲು ಜರುಗಿ ಕಿರ್ ಅಂತು, ನಾನು ಮಂಚದ ಕಬ್ಬಿಣ ಹಿಡಿದುಕೊಂಡೆ. ಆಗ ಅವರ ಕಣ್ಣು ಇಷ್ಟೇ ಇಷ್ಟು ತೆರೆಯಿತು. ಸಾವಧಾನ ಅಂದರು. ಮೆಲ್ಲಗೆ, ಬಸ್ಸು ಹತ್ತುವಾಗ ಅನ್ನುತ್ತಿದ್ದ ಹಾಗೆಯೇ. ಅಷ್ಟರಲ್ಲಿ ಕಾಲ ಕಡೆ ಕೋಲು ನೆಲಕ್ಕೆ ಬಿತ್ತು. ಎಂಬತ್ತು ದಾಟಿದ ಆ ಮುದುಕ ಎದೆ ಉಬ್ಬಿಸಿ, ಹಿಮ್ಮಡಿ ಕೂಡಿಸಿ, ಸಲ್ಯೂಟ್ ಹೊಡೆದು ನಿಂತಿದ್ದರು, ಕಣ್ಣಿಂದ ನೀರು ಗಡ್ಡಕ್ಕೆ ಇಳಿಯುತ್ತಿತ್ತು. ಬಾಗಿಲಿಗೆ ಬಂದ ಸುನೀಲ ಕಂಡದ್ದು ಅದನ್ನು. ನರ್ಸ್ ಕಂಡದ್ದೂ ಅದನ್ನೇ. ಮಂಚ ಹಿಡಿದು ಕುಂಟುತ್ತ ನಿಂತವಳನ್ನು ಯಾರು ನೋಡುತ್ತಾರೆ? ನಿಮ್ಮಪ್ಪ ಮತ್ತೆ ಕಣ್ಣು ಬಿಡಲಿಲ್ಲ.

ಸಂಜೆಯೊಳಗೆ ಖೂಬಾ ಪ್ಲಾಟಿಗೆಲ್ಲ ಸುದ್ದಿ. ಹವಾಲ್ದಾರರು ಸಾವಧಾನ್ ಅಂತ ಕಡೆಯ ಆರ್ಡರ್ ಕೊಟ್ಟು ಹೋದರು, ಗೆಳೆಯ ಸಲ್ಯೂಟ್ ಹೊಡೆದ, ಆಹಾ. ಅವರ ಹೆಸರಿನ ಗಣಾರಾಧನೆಯ ಊಟಕ್ಕೆ ನಿನಗೆ ಜ್ವರ ಬಂದು ಬರಲಾಗಲಿಲ್ಲ, ಒಳ್ಳೆಯದೇ ಆಯಿತು. ಸುನೀಲ ಮೈಕಿನಲ್ಲಿ ಅದನ್ನೇ ಹೇಳಿದ, ಚಾಚಾ ಫೋಟೋದ ಮುಂದೆ ಮತ್ತೊಮ್ಮೆ ನೆಟ್ಟಗೆ ನಿಂತರು, ಮಂದಿಯೆಲ್ಲ ಗೊಳೋ ಅಂದರು. ನಾನು ಎದ್ದು ಅಡುಗೆಯವರ ಹತ್ತಿರ ಹೋಗಿ, ಹುಗ್ಗಿಗೆ ಬೆಲ್ಲ ಕಡಿಮೆ ಹಾಕಿದ್ದೀರಿ ಅಂತ ಜಗಳ ತೆಗೆದೆ. ಬೆಲ್ಲ ಸರಿಯಾಗೇ ಇತ್ತು, ಪಾಪ. ಈಗ ತೋಟದಲ್ಲಿ ಅವರ ಸಮಾಧಿಗೆ ಕಲ್ಲು ಹಾಕಿಸುತ್ತಿದ್ದಾರೆ. ಹೆಸರು, ಹವಾಲ್ದಾರ, ಹುಟ್ಟಿದ್ದು, ಹೋದದ್ದು, ಕೆಳಗೆ ‘ಕೊನೆಯ ಮಾತು: ಸಾವಧಾನ್’ ಅಂತ ನೀನೇ ಬರೆದು ಕಳಿಸಿದೆಯಂತೆ. ಸುನೀಲ ಫೋನಿನಲ್ಲಿ ತೋರಿಸಿದ. ಅಕ್ಷರ ಚಂದ ಇದೆ, ಮಗಳೇ. ಅವತ್ತು ರಾತ್ರಿ ನಾನು ಊಟ ಮಾಡಲಿಲ್ಲ.

ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಚಾಚಾ ಈಗ ಸಂಜೆ ತಮ್ಮ ಕಟ್ಟೆಯ ಮೇಲೆ ಕೂರುವುದಿಲ್ಲ, ನಮ್ಮ ಬಾಗಿಲಿಗೆ ಬಂದು ನಿಮ್ಮಪ್ಪನ ಕುರ್ಚಿಯ ಎದುರು ಕೂರುತ್ತಾರೆ. ನಾನು ಚಹಾ ಕೊಡುತ್ತೇನೆ. ಸೋಮವಾರ ಕಪ್ಪು ಕೆಳಗಿಟ್ಟು ಕೇಳಿದರು, “ಭಾಭಿ, ಖರೇ ಹೇಳ್ರಿ. ಅವತ್ತ ಅವನ ಕಣ್ಣ ನನ್ನ ಕಡಿ ಇರ್ಲಿಲ್ಲ ಅಂತ ಮನಸಿನಾಗ ಕೊರೀಲಕತ್ತದ. ನನಗೇ ಹೇಳ್ಯಾನಲ್ರಿ?” ಮಲ್ಲಿಕಾ, ನಾನು ಕಾಯುತ್ತಿದ್ದ ಗಳಿಗೆ ಅದು. ತಾನಾಗಿ ನನ್ನ ಮಡಿಲಿಗೆ ಬಂದು ಬಿದ್ದಿತ್ತು. ಇಲ್ಲ ಭಾಯಿ, ನನಗೆ ಹೇಳಿದ್ದು ಅಂತ ಅನ್ನಲು ಬಾಯಿ ತೆರೆದೆ. ಅವರು ನಿಮ್ಮಪ್ಪನ ಖಾಲಿ ಕುರ್ಚಿಯನ್ನೇ ನೋಡುತ್ತಿದ್ದರು. “ನಿಮಗೇ ಹೇಳ್ಯಾರ್ರಿ ಭಾಯಿ, ಮತ್ಯಾರಿಗಿ ಹೇಳ್ತಾರ” ಅಂದುಬಿಟ್ಟೆ. ಅವರು ಗಡ್ಡ ಒರೆಸಿಕೊಂಡು, ಹಗುರಾಗಿ ಎದ್ದು ಹೋದರು. ಕೊಟ್ಟವ ಕೋಡಂಗಿ, ಇಸಗೊಂಡವ ಈರಭದ್ರ ಅಂತಾರಲ್ಲ, ಆ ಕೋಡಂಗಿ ನಾನೇ. ಅವರು ಗಲ್ಲಿ ತಿರುಗುವ ತನಕ ಮರುಕ ಇತ್ತು, ತಿರುಗಿದ ಮೇಲೆ ಮತ್ತೆ ಕಿಚ್ಚು. ಕೊಟ್ಟದ್ದನ್ನು ವಾಪಸ್ ಕೇಳುವ ಹಾಗಿಲ್ಲ, ಕೊಟ್ಟು ಸುಮ್ಮನಿರುವ ಗುಣವೂ ನನ್ನದಲ್ಲ.

ಉಳಿದಂತೆ ಎಲ್ಲ ಕ್ಷೇಮ. ರಮ್ಜಾನ್ ಬಂತು, ನಿಮ್ಮಪ್ಪ ಪ್ರತಿ ವರ್ಷ ಮೊದಲ ಗೊನೆ ಚಾಚಾನ ಮನೆಗೆ ಕಳಿಸಿ ಎರಡನೆಯದನ್ನು ನನ್ನ ಮುಂದಿಡುತ್ತಿದ್ದರು. ಈ ಸಲ ಮೊದಲನೆಯದು ನನ್ನ ಮನೆಗೇ ಬರಬೇಕು ಅಂತ ಪೀರಪ್ಪನಿಗೆ ಖಡಾಖಂಡಿತ ಹೇಳಿದ್ದೇನೆ. ಬಂದ ಮೇಲೆ ನಾನೇ ಇಕ್ಬಾಲ್ ಬೇಗಂಳಿಗೆ ಉಪವಾಸ ಬಿಡಲು ಹಣ್ಣು ಕೊಟ್ಟು ಬರುತ್ತೇನೆ, ಅರ್ಧ ಗೊನೆಯೇ ಹೋಗಲಿ ಬೇಕಾದರೆ. ಆದರೆ ನಾನು ಕೊಟ್ಟದ್ದು ಅಂತ ಹೋಗಲಿ. ಅಳಿಯಂದಿರಿಗೆ ನನ್ನ ಶರಣು ತಿಳಿಸು. ನಿನಗೂ ನಿನ್ನ ಶಾಲೆಯ ಮಕ್ಕಳಿಗೂ ಶರಣಬಸಪ್ಪ ಒಳ್ಳೆಯದು ಮಾಡಲಿ. ಗಂಟಲು ಜೋಪಾನ, ನೆತ್ತಿಗೆ ಎಣ್ಣೆ ಹಚ್ಚಿಕೋ.

ನಿನ್ನ ಅವ್ವ,
ಶಿವಕಾಂತಮ್ಮ

ತಾ.ಕ.: ಮೂಲೆಯ ಅಂಚೆ ಡಬ್ಬಿ ಬಿಚ್ಚುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತೇನೆ. ಕಲ್ಲು ಕೆತ್ತುವವನು ಶಿವರಾತ್ರಿ ಆದ ಮೇಲೆ ಉಳಿ ಹಿಡಿಯುತ್ತಾನಂತೆ, ಇನ್ನೂ ವೇಳೆ ಇದೆ. ನೀನು ಬರೆದುಕೊಟ್ಟ ‘ಸಾವಧಾನ್’ನಲ್ಲಿ ಕಡೆಯ ನ್ ತೆಗೆದು ನ ಮಾಡಿಸು. ಅಷ್ಟೇ ಕೆಲಸ. ಅಣ್ಣ ಯಾಕೆ ಅಂದರೆ, ಕನ್ನಡದಲ್ಲಿ ಹೀಗೇ ಬರೆಯುವುದು, ನಾನು ಟೀಚರ್, ನನಗೆ ಗೊತ್ತು ಅಂತ ಹೇಳು. ನಿನ್ನ ಮಾತಿಗೆ ಅವನು ಎದುರಾಡುವುದಿಲ್ಲ. ಚಾಚಾಗೆ ಬೇಜಾರಾದೀತು ಅಂತ ಹೆದರಬೇಡ, ಅವರು ಓದಿದ್ದು ಉರ್ದು, ಕನ್ನಡ ಅಕ್ಷರ ಒಂದೂ ಬರುವುದಿಲ್ಲ. ಕಲ್ಲಿನ ಮೇಲೆ ಕೈಯಾಡಿಸಿ ಅವರು ತಮ್ಮದೇ ಓದಿಕೊಳ್ಳಲಿ, ನೆಟ್ಟಗೆ ನಿಂತು ಸಲ್ಯೂಟ್ ಹೊಡೆಯಲಿ, ನಾನೇನೂ ಅನ್ನುವುದಿಲ್ಲ. ನಾನು ಪಕ್ಕದಲ್ಲಿ ನಿಂತು ನನ್ನದು ಓದಿಕೊಳ್ಳುತ್ತೇನೆ. ಮರೆಯಬೇಡ ಮಗಳೇ, ನ ಮೇಲೆ ತಲೆಕಟ್ಟು.